ಹೊಸ ಫರ್ಮ್‌ವೇರ್, ಹಳೆಯ ನೆನಪು

2023ರ ಮೇ ತಿಂಗಳ ನಡುವಿನಲ್ಲಿ ಹಲವು ದೇಶಗಳಲ್ಲಿ ಆಸುಸ್ ಕಂಪನಿಯ ವೈಫೈ ರೂಟರ್‌ಗಳು ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಹಟ ಹಿಡಿದವು. ಇಂಟರ್ನೆಟ್ ಬರುವುದು, ಸ್ವಲ್ಪ ಹೊತ್ತಿಗೆ ಹೋಗುವುದು, ಮತ್ತೆ ಬರುವುದು. ಬೈದವರಲ್ಲಿ ಆಟೊ ಅಪ್‌ಡೇಟನ್ನು ಬೇಕೆಂದೇ ಆಫ್ ಮಾಡಿಟ್ಟಿದ್ದ ಜಾಣರೂ ಇದ್ದರು. ನಾವು ಏನನ್ನೂ ಮುಟ್ಟಿಲ್ಲವಲ್ಲ ಎಂಬುದು ಅವರ ತಕರಾರು. ಅವರು ಮುಟ್ಟಿರಲಿಲ್ಲ, ನಿಜ. ರೂಟರ್‌ನೊಳಗಿನ ಭದ್ರತಾ ವ್ಯವಸ್ಥೆ ಕಂಪನಿಯ ಸರ್ವರ್‌ನಿಂದ ಆಗಾಗ ತಾನೇ ತರಿಸಿಕೊಳ್ಳುವ ಪುಟ್ಟ ಫೈಲೊಂದು ಎಡವಟ್ಟಾಗಿ ಬಂದಿತ್ತು. ಅದು ರೂಟರ್‌ನ ಜಾಗವನ್ನೆಲ್ಲ ನುಂಗಿ ಕೂತಿತು. ತಪ್ಪು ತಮ್ಮ ಸರ್ವರ್‌ನ ಸೆಟ್ಟಿಂಗ್ಸ್ ಫೈಲಿನದು ಎಂದು ಕಂಪನಿ ಒಪ್ಪಿಕೊಂಡು ಕ್ಷಮೆ ಕೇಳಿತು. ಆಫ್ ಮಾಡಿ ಆನ್ ಮಾಡಿ, ಬಗ್ಗದಿದ್ದರೆ ಸೆಟ್ಟಿಂಗ್ಸ್ ಉಳಿಸಿಟ್ಟುಕೊಂಡು ಫ್ಯಾಕ್ಟರಿ ರೀಸೆಟ್ ಮಾಡಿ ಎಂದು ಪರಿಹಾರವನ್ನೂ ಹೇಳಿತು.

ಅಲ್ಲಿ ಫರ್ಮ್‌ವೇರ್‌ನ, ಅಂದರೆ ರೂಟರನ್ನು ನಡೆಸುವ ಪ್ರೋಗ್ರಾಂನ, ಒಂದಕ್ಷರವೂ ಬದಲಾಗಿರಲಿಲ್ಲ. ಬದಲಾಗಿದ್ದು ಅದು ಓದುವ ಮಾಹಿತಿ. ನಮ್ಮ ಮನೆಗಳಲ್ಲಿ ನಡೆಯುವುದು ಇದರ ತಿರುವುಮುರುವು. ರಾತ್ರಿ ಮೊಬೈಲಿನ ಆ್ಯಪ್ ‘ಹೊಸ ಆವೃತ್ತಿ ಬಂದಿದೆ’ ಎನ್ನುತ್ತದೆ, ಯಜಮಾನರು ಗುಂಡಿ ಒತ್ತಿ ಮಲಗುತ್ತಾರೆ. ಬೆಳಿಗ್ಗೆ ಎದ್ದರೆ ಟಿ.ವಿ. ಇಲ್ಲ, ಪ್ರಿಂಟರ್ ಇಲ್ಲ, ಅಡುಗೆಮನೆಯಿಂದ ‘ನೆಟ್ಟಗಿದ್ದದ್ದನ್ನ ಯಾಕೆ ಮುಟ್ಟೋಕೆ ಹೋದ್ರಿ?’ ಎಂಬ ಪ್ರಶ್ನೆ. ಇಲ್ಲಿ ಮಾಹಿತಿ ಹಳೆಯದೇ ಇದೆ, ಅದನ್ನು ಓದುವ ಪ್ರೋಗ್ರಾಂ ಹೊಸತು. ಎರಡು ಪ್ರಸಂಗಗಳಲ್ಲೂ ಕಾಯಿಲೆಯ ಮೂಲ ಒಂದೇ: ಪ್ರೋಗ್ರಾಂಗೂ ಅದರ ನೆನಪಿಗೂ ಹೊಂದಾಣಿಕೆ ತಪ್ಪಿದೆ. ಅಪ್‌ಗ್ರೇಡ್ ಆದಮೇಲೆ ಕಾಡುವ ಬಹುಪಾಲು ತೊಂದರೆಗಳು ಇದೇ ಜಾತಿಯವು. ರೂಟರ್ ಸತ್ತೇಹೋಯಿತು ಎಂದು ಹೊಸದನ್ನು ಆರ್ಡರ್ ಮಾಡುವ ಮೊದಲು ಈ ಪೆಟ್ಟಿಗೆಯ ಒಳಗೆ ಏನಿದೆ ಎಂದು ನೋಡುವುದು ಲಾಭದ ಕೆಲಸ.

ಒಳಗಿರುವುದು ಒಂದು ಪೂರ್ತಿ ಕಂಪ್ಯೂಟರ್. ಪ್ರೊಸೆಸರ್ ಇದೆ, ಕರೆಂಟು ಹೋದರೆ ಎಲ್ಲ ಮರೆಯುವ ರ‍್ಯಾಮ್ ಇದೆ, ಕರೆಂಟು ಹೋದರೂ ಮರೆಯದ ಫ್ಲ್ಯಾಶ್ ಚಿಪ್ ಇದೆ. 2002ರ ಕೊನೆಗೆ ಮಾರುಕಟ್ಟೆಗೆ ಬಂದ ಲಿಂಕ್‌ಸಿಸ್‌ನ ನೀಲಿ-ಕಪ್ಪು ಬಣ್ಣದ ಡಬ್ಲ್ಯುಆರ್‌ಟಿ54ಜಿ ಎಂಬ ಪೆಟ್ಟಿಗೆ ಈ ಕುಲದ ಹಿರಿಯಜ್ಜ. ಅದರ ಮೊದಮೊದಲ ಮಾದರಿಗಳಲ್ಲಿ ಇದ್ದದ್ದು 4 ಎಂಬಿ ಫ್ಲ್ಯಾಶ್, 16 ಎಂಬಿ ರ‍್ಯಾಮ್. ಆ ಫ್ಲ್ಯಾಶ್ ಎಂದರೆ ಇವತ್ತಿನ ಮೊಬೈಲಿನ ಒಂದು ಒಳ್ಳೆಯ ಫೋಟೊ ಹಿಡಿಯದಷ್ಟು ಜಾಗ. ಆ ಜಾಗದಲ್ಲಿ ಕೂತಿದ್ದದ್ದು ಲಿನಕ್ಸ್ ಎಂಬುದು 2003ರಲ್ಲಿ ಗೊತ್ತಾಯಿತು. ಲಿನಕ್ಸ್ ಬಳಸಿ ತಯಾರಿಸಿದ್ದನ್ನು ಹಂಚುವವರು ಅದರ ಮೂಲ ಸಂಕೇತವನ್ನೂ ಕೊಡಬೇಕೆಂಬ ಷರತ್ತಿದೆ. ಅಷ್ಟರಲ್ಲಿ ಸಿಸ್ಕೊ ಕೈಸೇರಿದ್ದ ಲಿಂಕ್‌ಸಿಸ್ ಅದನ್ನು ಬಿಡುಗಡೆ ಮಾಡಬೇಕಾಯಿತು. ಅದನ್ನು ಆಧರಿಸಿ 2004ರಲ್ಲಿ ಓಪನ್‌ಡಬ್ಲ್ಯುಆರ್‌ಟಿ ಎಂಬ ಸ್ವತಂತ್ರ ಫರ್ಮ್‌ವೇರ್ ಹುಟ್ಟಿತು. ಮುಚ್ಚಿದ ಡಬ್ಬಿಯ ಒಳಗಿನ ಸಂಗತಿಗಳು ನಮ್ಮಂಥವರಿಗೂ ತಿಳಿದಿರುವುದು ಈ ಜಗಳದ ಪುಣ್ಯದಿಂದ.

ಫ್ಲ್ಯಾಶ್ ಚಿಪ್‌ನಲ್ಲಿ ಕೋಣೆಗಳಿವೆ. ಮೊದಲ ಕೋಣೆಯಲ್ಲಿ ಬೂಟ್‌ಲೋಡರ್, ಅಂದರೆ ಸ್ವಿಚ್ ಹಾಕಿದೊಡನೆ ಎದ್ದು ಉಳಿದವರನ್ನು ಎಬ್ಬಿಸುವ ಚಿಕ್ಕ ಪ್ರೋಗ್ರಾಂ. ಆಮೇಲಿನ ದೊಡ್ಡ ಕೋಣೆಯಲ್ಲಿ ನಾವು ಫರ್ಮ್‌ವೇರ್ ಎನ್ನುವ ಸರಕು. ಇನ್ನೊಂದರಲ್ಲಿ ನಿಮ್ಮ ಸೆಟ್ಟಿಂಗ್ಸ್: ವೈಫೈ ಹೆಸರು, ಪಾಸ್‌ವರ್ಡ್, ಇಂಟರ್ನೆಟ್ ಕಂಪನಿ ಕೊಟ್ಟ ಯೂಸರ್‌ನೇಮ್. ಕೊನೆಗೊಂದು ಪುಟ್ಟ ಕೋಣೆ, ಅದರ ಬಗ್ಗೆ ಯಾರೂ ಮಾತಾಡುವುದಿಲ್ಲ. ಕಾರ್ಖಾನೆಯಲ್ಲಿ ಆ ಒಂದು ರೂಟರ್‌ನ ರೇಡಿಯೊವನ್ನು ಅಳೆದು ಬರೆದಿಟ್ಟ ಶ್ರುತಿಯ ಲೆಕ್ಕ ಅಲ್ಲಿದೆ, ಅದರ ಮ್ಯಾಕ್ ವಿಳಾಸವೂ ಅಲ್ಲೇ ಇದೆ. ಯಾವ ಕಂಪನಿಯ ಡೌನ್‌ಲೋಡ್ ಪುಟದಲ್ಲೂ ಅದು ಸಿಗದು. ಇಡೀ ಚಿಪ್ಪನ್ನೇ ಅಳಿಸಿ ಹೊಸದಾಗಿ ಬರೆಯುತ್ತೇನೆ ಎಂದು ಹೊರಟ ಉತ್ಸಾಹಿಗಳು ಕಳೆದುಕೊಳ್ಳುವುದು ಇದನ್ನೇ. ಆಮೇಲೆ ರೂಟರ್ ಏಳುತ್ತದೆ, ವೈಫೈ ಮಾತ್ರ ಏಳುವುದಿಲ್ಲ, ಎದ್ದರೂ ಪಕ್ಕದ ಕೋಣೆಗೆ ತಲುಪುವುದಿಲ್ಲ.

ಅಪ್‌ಗ್ರೇಡ್ ಎಂದರೆ ಎರಡನೆಯ ಕೋಣೆಯನ್ನು ಖಾಲಿ ಮಾಡಿ ಹೊಸ ಸರಕು ತುಂಬುವುದು. ಹೇಳಿದಷ್ಟು ಸಲೀಸಲ್ಲ. 1980ರ ದಶಕದಲ್ಲಿ ತೋಶಿಬಾದ ಫುಜಿಯೊ ಮಸುವೊಕಾ ರೂಪಿಸಿದ ಈ ಫ್ಲ್ಯಾಶ್ ಮೆಮೊರಿಗೆ ಒಂದು ವಿಚಿತ್ರ ಸ್ವಭಾವ ಇದೆ. ಅಲ್ಲಿ 1 ಇದ್ದದ್ದನ್ನು 0 ಮಾಡುವುದು ಸುಲಭ, 0 ಇದ್ದದ್ದನ್ನು ಒಂಟಿಯಾಗಿ 1 ಮಾಡಲಾಗದು. ಹಾಗೆ ಮಾಡಬೇಕಾದರೆ ಅದು ಇರುವ ಇಡೀ ತುಂಡನ್ನು, ಅಂದರೆ 64 ಅಥವಾ 128 ಕೆಬಿಯಷ್ಟನ್ನು, ಒಮ್ಮೆಗೇ ಅಳಿಸಬೇಕು. ಹಾಗಾಗಿ ರೂಟರ್ ಹೊಸ ಫೈಲನ್ನು ಮೊದಲು ರ‍್ಯಾಮ್‌ನಲ್ಲಿ ಇಟ್ಟುಕೊಂಡು, ಸರಿಯಿದೆಯೇ ಎಂದು ತಾಳೆ ನೋಡಿ, ಬಳಿಕ ತಾನು ಇಷ್ಟು ಹೊತ್ತು ವಾಸವಾಗಿದ್ದ ಜಾಗವನ್ನೇ ತುಂಡು ತುಂಡಾಗಿ ಅಳಿಸತೊಡಗುತ್ತದೆ. ಕೂತ ಕೊಂಬೆಯನ್ನೇ ಕಡಿಯುತ್ತಿದ್ದ ಕಾಳಿದಾಸನ ಕತೆ ನೆನಪಿದೆಯಲ್ಲ, ಅದೇ ಭಂಗಿ. ಬೀಳುವ ಮೊದಲು ಇನ್ನೊಂದು ಕೊಂಬೆಯನ್ನು ಹಿಡಿದಿರುವುದಷ್ಟೇ ವ್ಯತ್ಯಾಸ. ಆ ಇನ್ನೊಂದು ಕೊಂಬೆಯೇ ರ‍್ಯಾಮ್. ಕರೆಂಟು ಹೋದರೆ ಅದೂ ಇಲ್ಲ.

ಅಪ್‌ಗ್ರೇಡ್ ನಡೆಯುವಾಗ ಪ್ಲಗ್ ಕೀಳಬೇಡಿ ಎಂಬ ಎಚ್ಚರಿಕೆಯ ಹಿಂದಿರುವುದು ಇಷ್ಟೇ. ಮಳೆಗಾಲದ ಸಂಜೆ ಗುಡುಗು ಶುರುವಾದ ಹೊತ್ತಿನಲ್ಲಿ ಮಲೆನಾಡಿನವರು ಈ ಕೆಲಸಕ್ಕೆ ಕೈಹಾಕಬಾರದು. ಲೋಡ್ ಶೆಡ್ಡಿಂಗ್ ಹೊತ್ತು ಬಾಯಿಪಾಠ ಇರುವ ಬಯಲುಸೀಮೆಯವರೂ ಗಡಿಯಾರ ನೋಡಿಕೊಳ್ಳಬೇಕು. ರೂಟರ್‌ಗೆಂದೇ ಸಿಗುವ 12 ವೋಲ್ಟ್‌ನ ಮಿನಿ ಯುಪಿಎಸ್ ಇದ್ದರೆ ಕಟ್ಟಿಕೊಳ್ಳಿ. ಫೈಲು ನೀವೇ ಇಳಿಸಿಕೊಳ್ಳುವುದಾದರೆ ರೂಟರ್‌ನ ಹೊಟ್ಟೆ ತಿರುಗಿಸಿ ಚೀಟಿ ಓದಿ. ಒಂದೇ ಮಾದರಿ ಹೆಸರಿನ ಮುಂದೆ ವಿ1, ವಿ2, ವಿ3 ಎಂದಿರುತ್ತದೆ. ಹೆಸರು ಒಂದೇ ಆದರೂ ಒಳಗಿನ ಚಿಪ್ ಬೇರೆಯೇ ಇರಬಹುದು. ಡಬ್ಲ್ಯುಆರ್‌ಟಿ54ಜಿಯ ಐದನೇ ಆವೃತ್ತಿಯಲ್ಲಿ ಫ್ಲ್ಯಾಶ್ 2 ಎಂಬಿಗೆ, ರ‍್ಯಾಮ್ 8 ಎಂಬಿಗೆ ಇಳಿದು, ಲಿನಕ್ಸ್ ಹೋಗಿ ವಿಎಕ್ಸ್‌ವರ್ಕ್ಸ್ ಬಂದಿತ್ತು; ಹೊರಗಿನ ನೀಲಿ ಪೆಟ್ಟಿಗೆ ಹಾಗೇ ಇತ್ತು. ಅಮೆರಿಕದಲ್ಲಿರುವ ಮಗ ತಂದುಕೊಟ್ಟ ರೂಟರ್‌ಗೆ ಭಾರತದ ಪುಟದ ಫರ್ಮ್‌ವೇರ್ ಹಾಕುವುದೂ ಅಪಾಯದ ಕೆಲಸವೇ.

ಇನ್ನು ಸೆಟ್ಟಿಂಗ್ಸ್ ಎಂಬ ನೆನಪಿನ ಕೋಣೆ. ಅಪ್‌ಗ್ರೇಡ್ ಸಾಮಾನ್ಯವಾಗಿ ಇದನ್ನು ಮುಟ್ಟುವುದಿಲ್ಲ, ಬಳಕೆದಾರರಿಗೆ ಅನುಕೂಲವಾಗಲಿ ಎಂದು. ಅನುಕೂಲವೇ ಕೆಲವೊಮ್ಮೆ ಉರುಳಾಗುತ್ತದೆ. 2021ರಲ್ಲಿ ಬಂದ ಓಪನ್‌ಡಬ್ಲ್ಯುಆರ್‌ಟಿಯ 21.02 ಆವೃತ್ತಿ ಇದಕ್ಕೆ ಒಳ್ಳೆಯ ನಿದರ್ಶನ. ರೂಟರ್‌ನ ಹಿಂದಿರುವ ಲ್ಯಾನ್ ಪೋರ್ಟ್‌ಗಳನ್ನು ವರ್ಣಿಸುವ ಬಗೆಯೇ ಹಲವು ಮಾದರಿಗಳಿಗೆ ಅದರಲ್ಲಿ ಬದಲಾಯಿತು. ಹಳೆಯ ಸೆಟ್ಟಿಂಗ್ಸ್ ಹೇಳುವ ಪೋರ್ಟ್‌ಗಳು ಹೊಸ ಪ್ರೋಗ್ರಾಂ ಕಣ್ಣಿಗೆ ಇಲ್ಲವೇ ಇಲ್ಲ. ಹಾಗಾಗಿ ಅಂಥ ಮಾದರಿಗಳಲ್ಲಿ ಹಳೆಯ ಸೆಟ್ಟಿಂಗ್ಸ್ ಇಟ್ಟುಕೊಂಡು ಮುಂದುವರಿಯಲು ಫರ್ಮ್‌ವೇರೇ ಒಪ್ಪುವುದಿಲ್ಲ. ಇದು ಪ್ರಾಮಾಣಿಕರ ಸಾಫ್ಟ್‌ವೇರ್. ಅಂಗಡಿಯ ಎಷ್ಟೋ ರೂಟರ್‌ಗಳು ಏನೂ ಹೇಳದೆ ಹಳೆಯ ಸಾಲುಗಳನ್ನು ಓದಿ, ಅರ್ಥವಾದಷ್ಟನ್ನು ಪಾಲಿಸಿ, ಉಳಿದದ್ದಕ್ಕೆ ತಮಗೆ ತೋಚಿದ್ದನ್ನು ಹಾಕಿಕೊಳ್ಳುತ್ತವೆ. ಅರ್ಧ ಕೆಲಸ ಮಾಡುವ ರೂಟರ್ ಹುಟ್ಟುವುದು ಹೀಗೆ. ಪೂರ್ತಿ ಕೆಟ್ಟದ್ದಕ್ಕಿಂತ ಇದರ ಜತೆ ಏಗುವುದು ಕಷ್ಟ.

ಮದ್ದು ಎಲ್ಲರಿಗೂ ಗೊತ್ತಿರುವುದೇ: ಫ್ಯಾಕ್ಟರಿ ರೀಸೆಟ್. ಹಿಂಬದಿಯ ಸಣ್ಣ ತೂತಿಗೆ ಪಿನ್ನು ತೂರಿಸಿ ಹತ್ತು ಸೆಕೆಂಡು ಒತ್ತಿ ಹಿಡಿದರೆ ನೆನಪಿನ ಕೋಣೆ ಖಾಲಿ. ಜನ ಮರೆಯುವುದು ಆಮೇಲಿನ ಹೆಜ್ಜೆಯನ್ನು. ಹಿಂದೆ ಬ್ಯಾಕಪ್ ತೆಗೆದಿಟ್ಟ ಸೆಟ್ಟಿಂಗ್ಸ್ ಫೈಲನ್ನು ತಂದು ಹೊಸ ಫರ್ಮ್‌ವೇರ್‌ಗೆ ತಿನ್ನಿಸಿದರೆ ಖಾಲಿ ಮಾಡಿದ ಕಸವನ್ನು ನೀವೇ ವಾಪಸು ತುಂಬಿದ ಹಾಗಾಯಿತು. ಆ ಬ್ಯಾಕಪ್ ಹಳೆಯ ಆವೃತ್ತಿಗೆ ಮರಳಬೇಕಾದಾಗ ಮಾತ್ರ ಬಳಸುವಂಥದ್ದು. ಹೊಸದಕ್ಕೆ ಕೈಯಿಂದಲೇ ಒಂದೊಂದಾಗಿ ಟೈಪ್ ಮಾಡಬೇಕು. ಬೇಜಾರಿನ ಕೆಲಸ, ಅಡ್ಡದಾರಿ ಇಲ್ಲ.

ಟೈಪ್ ಮಾಡಲು ಏನು ಬೇಕು ಎಂಬಲ್ಲಿಗೆ ನಮ್ಮ ಊರಿನ ಸಮಸ್ಯೆ ಶುರು. ನಮ್ಮಲ್ಲಿ ಹಲವು ಫೈಬರ್ ಸಂಪರ್ಕಗಳು ನಡೆಯುವುದು ಪಿಪಿಪಿಒಇ ಎಂಬ ಪದ್ಧತಿಯಲ್ಲಿ. ರೂಟರ್ ಒಂದು ಯೂಸರ್‌ನೇಮ್, ಪಾಸ್‌ವರ್ಡ್ ಕೊಟ್ಟರೆ ಮಾತ್ರ ಆ ಕಡೆಯ ಬಾಗಿಲು ತೆರೆಯುತ್ತದೆ. ಕೆಲವು ಕಡೆ ವಿಲ್ಯಾನ್ ಸಂಖ್ಯೆಯನ್ನೂ ಕೊಡಬೇಕು. ಕನೆಕ್ಷನ್ ಕೊಡಲು ಬಂದ ಹುಡುಗ ಅದನ್ನೆಲ್ಲ ತನ್ನ ಮೊಬೈಲ್ ನೋಡಿ ತುಂಬಿ ಹೋಗಿರುತ್ತಾನೆ. ಮನೆಯವರ ಬಳಿ ಚೀಟಿ ಕೂಡ ಇರುವುದಿಲ್ಲ. ರೀಸೆಟ್ ಆದ ಮರುಕ್ಷಣ ಅದೆಲ್ಲ ಮಾಯ. ಕಸ್ಟಮರ್ ಕೇರ್‌ನ ಸಂಗೀತ ಕೇಳುತ್ತ ಕೂರುವುದೇ ಗತಿ.

ಯೂಸರ್‌ನೇಮ್ ತುಂಬಿದಿರಿ, ಇಂಟರ್ನೆಟ್ ಬಂತು, ಕೆಲವು ಜಾಲತಾಣಗಳು ಮಾತ್ರ ತೆರೆಯದೆ ಸುತ್ತುತ್ತಲೇ ಇವೆ ಎಂದುಕೊಳ್ಳಿ. ಇದು ಎಂಟು ಬೈಟ್‌ಗಳ ಜಗಳ. ಸಾಮಾನ್ಯ ಈಥರ್ನೆಟ್‌ನಲ್ಲಿ ಮಾಹಿತಿಯ ಒಂದು ಪೊಟ್ಟಣ 1500 ಬೈಟ್‌ವರೆಗೆ ಹೊರಬಹುದು. ಪಿಪಿಪಿಒಇ ತನ್ನ ಚೀಟಿ ಅಂಟಿಸಲು ಅದರಲ್ಲಿ 8 ಬೈಟ್ ತೆಗೆದುಕೊಳ್ಳುತ್ತದೆ, ಉಳಿಯುವುದು 1492. ರೀಸೆಟ್ ಆದ ರೂಟರ್ ಎಂಟಿಯು (ಪೊಟ್ಟಣದ ಗರಿಷ್ಠ ಗಾತ್ರ) ಎಂಬ ಕಡೆ ಮತ್ತೆ 1500 ಹಾಕಿಕೊಂಡಿದ್ದರೆ ಚಿಕ್ಕ ಪೊಟ್ಟಣಗಳು ಆರಾಮಾಗಿ ದಾಟುತ್ತವೆ, ತುಂಬಿದ ಪೊಟ್ಟಣಗಳು ದಾರಿಯಲ್ಲಿ ಸಿಕ್ಕಿಬೀಳುತ್ತವೆ. ‘ದೊಡ್ಡದಾಯಿತು, ಚಿಕ್ಕದು ಮಾಡಿ ಕಳಿಸಿ’ ಎಂಬ ಸುದ್ದಿ ಕಳಿಸಿದವರಿಗೆ ಮುಟ್ಟಿದರೆ ಎಲ್ಲ ಸರಿಹೋಗುತ್ತದೆ. ಆದರೆ ಭದ್ರತೆಯ ಹೆಸರಲ್ಲಿ ಆ ಸುದ್ದಿಯನ್ನೇ ತಡೆಯುವ ಸರ್ವರ್‌ಗಳು ಬೇಕಾದಷ್ಟಿವೆ. ಅಂಥ ತಾಣಗಳು ಮಾತ್ರ ತೆರೆಯವು. ಎಂಟಿಯು 1492 ಎಂದು ಬರೆದರೆ ಕೆಲಸ ಮುಗಿಯಿತು. ಈ ಒಂದು ಅಂಕಿ ತಿಳಿಯದೆ ಅಟ್ಟಕ್ಕೆ ಸೇರಿದ ರೂಟರ್‌ಗಳು ಕಡಿಮೆ ಇರಲಿಕ್ಕಿಲ್ಲ.

ಇನ್ನೊಂದು ನಮ್ಮಲ್ಲಿ ಬಲು ಮಾಮೂಲು. ಫೈಬರ್‌ನವರು ಕೊಟ್ಟ ಓಎನ್‌ಟಿ ಪೆಟ್ಟಿಗೆ ತಾನೇ ಒಂದು ರೂಟರ್; ಅದರ ಹಿಂದೆ ನೀವು ದುಡ್ಡು ಕೊಟ್ಟು ತಂದ ಒಳ್ಳೆಯ ರೂಟರ್. ಎರಡನೆಯದನ್ನು ಆಕ್ಸೆಸ್ ಪಾಯಿಂಟ್ ಮಾಡಿಯೋ, ಅದರ ವಿಳಾಸ ಬದಲಿಸಿಯೋ ಯಾರೋ ಜೋಡಿಸಿ ಕೊಟ್ಟಿರುತ್ತಾರೆ. ರೀಸೆಟ್ ಆದಮೇಲೆ ಅದು ತನ್ನನ್ನು 192.168.1.1 ಎಂದು ಕರೆದುಕೊಳ್ಳುತ್ತದೆ. ಓಎನ್‌ಟಿಯೂ ಅದೇ 192.168.1.1. ಒಳಗಿನ ಜಾಲ ಯಾವುದು, ಹೊರಗಿನದು ಯಾವುದು ಎಂದು ರೂಟರ್‌ಗೆ ತಿಳಿಯದೆ ಎಲ್ಲವೂ ನಿಲ್ಲುತ್ತದೆ. ಒಳಗಿನದನ್ನು 192.168.50.1 ಮಾಡಿದರೆ ಸಾಕು.

ಇವೆಲ್ಲದರಲ್ಲಿ ಯಾವುದು ನಿಮ್ಮ ಮನೆಯದು ಎಂದು ಹಿಡಿಯುವುದು ಹೇಗೆ? ಕೆಳಗಿನಿಂದ ಮೇಲಕ್ಕೆ ಹೋಗಬೇಕು. ಓಎನ್‌ಟಿಯ ಎಲ್‌ಓಎಸ್ ದೀಪ ಕೆಂಪಗೆ ಮಿನುಗುತ್ತಿದ್ದರೆ ಫೈಬರ್‌ನಲ್ಲಿ ಬೆಳಕೇ ಬರುತ್ತಿಲ್ಲ. ಫರ್ಮ್‌ವೇರ್ ಬಿಟ್ಟು ಫೈಬರ್‌ನವರಿಗೆ ಫೋನ್ ಮಾಡಿ. ದೀಪ ಸರಿಯಿದ್ದರೆ ವೈಫೈಯನ್ನು ಸದ್ಯಕ್ಕೆ ಮರೆತು ಲ್ಯಾಪ್‌ಟಾಪನ್ನು ಲ್ಯಾನ್ ಕೇಬಲ್‌ನಿಂದ ರೂಟರ್‌ಗೆ ಸಿಕ್ಕಿಸಿ. ಅದರ ವಿಳಾಸ 169.254 ಎಂದು ಶುರುವಾಗಿದ್ದರೆ ರೂಟರ್ ವಿಳಾಸ ಹಂಚುತ್ತಿಲ್ಲ, ಲ್ಯಾಪ್‌ಟಾಪ್ ತನಗೆ ತಾನೇ ಒಂದನ್ನು ಇಟ್ಟುಕೊಂಡಿದೆ. ಸರಿಯಾದ ವಿಳಾಸ ಬಂದಿದ್ದರೆ ರೂಟರ್‌ಗೆ ಪಿಂಗ್ ಮಾಡಿ (ಉತ್ತರ ಬರುತ್ತದೆಯೇ ಎಂದು ಕರೆದು ನೋಡುವ ಆಜ್ಞೆ ಅದು), ಆಮೇಲೆ ಹೊರಗಿನ 8.8.8.8 ಎಂಬ ವಿಳಾಸಕ್ಕೆ ಮಾಡಿ, ಕೊನೆಗೆ ಯಾವುದಾದರೂ ಜಾಲತಾಣದ ಹೆಸರಿಗೆ ಮಾಡಿ. ಮೊದಲನೆಯದಕ್ಕೆ ಉತ್ತರ ಬಂದು ಎರಡನೆಯದಕ್ಕೆ ಬರದಿದ್ದರೆ ತಪ್ಪು ಪಿಪಿಪಿಒಇ ಕಡೆಯದು ಅಥವಾ ಈಗ ಹೇಳಿದ ಅವಳಿ ವಿಳಾಸದ್ದು. ಎರಡನೆಯದಕ್ಕೂ ಬಂದು ಹೆಸರಿಗೆ ಮಾತ್ರ ಬರದಿದ್ದರೆ ಡಿಎನ್‌ಎಸ್, ಅಂದರೆ ಹೆಸರನ್ನು ಅಂಕಿಯಾಗಿಸುವ ವ್ಯವಸ್ಥೆ, ಕೈಕೊಟ್ಟಿದೆ. ರೂಟರ್‌ನ ಪುಟವೇ ವಿಕಾರವಾಗಿ ಕಂಡರೆ, ಗುಂಡಿಗಳು ಒತ್ತಿದರೂ ಕೆಲಸ ಮಾಡದಿದ್ದರೆ, ಗಾಬರಿ ಬೇಡ. ಬ್ರೌಸರ್ ಹಳೆಯ ಪುಟದ ತುಣುಕುಗಳನ್ನು ಇಟ್ಟುಕೊಂಡಿದೆ. ಪ್ರೈವೇಟ್ ಕಿಟಕಿಯಲ್ಲಿ ತೆರೆಯಿರಿ.

ಡಿಎನ್‌ಎಸ್ ಕೈಕೊಡುವುದಕ್ಕೆ ಒಂದು ಸೊಗಸಾದ ಕಾರಣ ಉಂಟು, ನನಗೆ ಬಹಳ ಇಷ್ಟವಾದದ್ದು. ಸಾಮಾನ್ಯ ರೂಟರ್‌ನಲ್ಲಿ ಬ್ಯಾಟರಿ ಇರುವ ಗಡಿಯಾರ ಇರುವುದಿಲ್ಲ. ಎದ್ದಾಗ ಅದು ಇವತ್ತನ್ನು 1970ರ ಜನವರಿ 1 ಎಂದೋ, ಫರ್ಮ್‌ವೇರ್ ತಯಾರಾದ ದಿನ ಎಂದೋ ಭಾವಿಸುತ್ತದೆ. ಇಂಟರ್ನೆಟ್ ಸಿಕ್ಕೊಡನೆ ಸಮಯದ ಸರ್ವರನ್ನು ಕೇಳಿ ಸರಿಪಡಿಸಿಕೊಳ್ಳುತ್ತದೆ. ಈಗ ಹೊಸ ಫರ್ಮ್‌ವೇರ್‌ನಲ್ಲಿ ಗೂಢಲಿಪಿಯ ಡಿಎನ್‌ಎಸ್ ಸೌಲಭ್ಯ ಬಂದಿದೆ, ನೀವು ಅದನ್ನು ಆನ್ ಮಾಡಿದಿರಿ. ಆ ಡಿಎನ್‌ಎಸ್ ಸರ್ವರ್ ತೋರಿಸುವ ಪ್ರಮಾಣಪತ್ರ ಈ ವರ್ಷದ್ದು. 1970ರಲ್ಲಿ ನಿಂತ ರೂಟರ್‌ಗೆ ಅದು ಇನ್ನೂ ಜಾರಿಗೇ ಬಾರದ ಪತ್ರ, ಒಪ್ಪುವುದಿಲ್ಲ. ಪತ್ರ ಒಪ್ಪದೆ ಡಿಎನ್‌ಎಸ್ ಇಲ್ಲ. ಡಿಎನ್‌ಎಸ್ ಇಲ್ಲದೆ ಸಮಯದ ಸರ್ವರ್‌ನ ಹೆಸರಿಗೆ ವಿಳಾಸ ಸಿಗದು. ವಿಳಾಸ ಸಿಗದೆ ಗಡಿಯಾರ ಸರಿಹೋಗದು. ಸಮಯದ ಸರ್ವರನ್ನು ಹೆಸರಿನ ಬದಲು ಅಂಕಿಯ ವಿಳಾಸದಲ್ಲಿ ಕೊಟ್ಟರೆ ಗಂಟು ಬಿಚ್ಚಿಕೊಳ್ಳುತ್ತದೆ.

ಕೇಬಲ್‌ನಲ್ಲಿ ಎಲ್ಲ ಸರಿ, ವೈಫೈಯಲ್ಲಷ್ಟೇ ಗೋಳು ಎನ್ನುವವರು ಮೂರು ಕಡೆ ನೋಡಬೇಕು. ವೈಫೈ ಅಲಯನ್ಸ್ 2018ರಲ್ಲಿ ತಂದ ಡಬ್ಲ್ಯುಪಿಎ3 ಭದ್ರತೆಯನ್ನು ಹೊಸ ಫರ್ಮ್‌ವೇರ್ ಆನ್ ಮಾಡಿದ್ದರೆ ಹಳೆಯ ಪ್ರಿಂಟರ್, ಹಳೆಯ ಫೋನುಗಳು ಒಳಗೆ ಬರಲಾರವು. ಡಬ್ಲ್ಯುಪಿಎ2ಕ್ಕೆ ಇಳಿಸಿ ನೋಡಿ. 2.4 ಮತ್ತು 5 ಗಿಗಾಹರ್ಟ್ಸ್ ಎರಡಕ್ಕೂ ಒಂದೇ ಹೆಸರು ಬಂದಿದ್ದರೆ 2.4 ಮಾತ್ರ ಬಲ್ಲ ಸ್ಮಾರ್ಟ್ ಬಲ್ಬುಗಳನ್ನು ಹೊಸದಾಗಿ ಜೋಡಿಸುವಾಗ ತಿಣುಕಾಡಬೇಕಾಗುತ್ತದೆ. ಹೆಸರು ಬೇರೆ ಮಾಡಿ. ಮೂರನೆಯದು 5 ಗಿಗಾಹರ್ಟ್ಸ್ ಹೆಸರೇ ಕಾಣದಿರುವುದು. 52ರಿಂದ 144ರವರೆಗಿನ ಚಾನೆಲ್‌ಗಳನ್ನು ವೈಫೈ ರೇಡಾರ್‌ಗಳ ಜತೆ ಹಂಚಿಕೊಳ್ಳಬೇಕು. ಅಲ್ಲಿ ಮಾತಾಡುವ ಮೊದಲು ರೂಟರ್ ಕನಿಷ್ಠ ಒಂದು ನಿಮಿಷ ಸುಮ್ಮನೆ ಕಿವಿಗೊಟ್ಟು, ರೇಡಾರ್ ಇಲ್ಲವೆಂದು ಖಾತ್ರಿ ಮಾಡಿಕೊಳ್ಳಬೇಕೆಂಬ ನಿಯಮವಿದೆ. ಕೆಲವು ಟಿ.ವಿ.ಗಳಿಗೆ ಈ ಚಾನೆಲ್‌ಗಳು ಗೊತ್ತೇ ಇಲ್ಲ. ರೀಸೆಟ್ ಆದಮೇಲೆ ‘ಆಟೊ’ದಲ್ಲಿರುವ ರೂಟರ್ ಇಂಥದ್ದೊಂದನ್ನು ಆರಿಸಿಕೊಂಡಿರುತ್ತದೆ. 36 ಅಥವಾ 149 ಎಂದು ಕೈಯಾರೆ ಹಾಕಿದರೆ ಹೆಸರು ಮತ್ತೆ ಕಾಣುತ್ತದೆ.

ಇಷ್ಟಕ್ಕೂ ಬಗ್ಗದೆ ಪವರ್ ದೀಪ ಮಾತ್ರ ಉರಿಯುತ್ತಿದ್ದರೆ, ಅಥವಾ ರೂಟರ್ ಏಳುವುದು ಬೀಳುವುದೇ ಆಗಿದ್ದರೆ? ಆಗಲೂ ಸಾವು ಘೋಷಿಸಬೇಕಿಲ್ಲ. ಬೂಟ್‌ಲೋಡರ್‌ನ ಕೋಣೆಯನ್ನು ಅಪ್‌ಗ್ರೇಡ್ ಸಾಮಾನ್ಯವಾಗಿ ಮುಟ್ಟುವುದಿಲ್ಲ. ರೀಸೆಟ್ ಗುಂಡಿ ಒತ್ತಿ ಹಿಡಿದುಕೊಂಡೇ ಸ್ವಿಚ್ ಹಾಕಿದರೆ ಹಲವು ರೂಟರ್‌ಗಳಲ್ಲಿ ಅದು ಪಾರುಗಾಣಿಕೆಯ ಸ್ಥಿತಿಗೆ ಬರುತ್ತದೆ. ಪವರ್ ದೀಪ ನಿಧಾನವಾಗಿ ಮಿನುಗುವುದು ಅದರ ಗುರುತು. ಆಗ ಕೇಬಲ್ ಮೂಲಕ ಸರಿಯಾದ ಫೈಲನ್ನು ಕಳಿಸಬಹುದು. ಕೆಲವು ಕಂಪನಿಗಳು ಇದಕ್ಕೆಂದೇ ಸಣ್ಣ ತಂತ್ರಾಂಶ ಕೊಡುತ್ತವೆ. ಉಳಿದ ಕಡೆ ಟಿಎಫ್‌ಟಿಪಿ ಎಂಬ, 1981ರಲ್ಲೇ ದಾಖಲಾದ, ಪಾಸ್‌ವರ್ಡೂ ಕೇಳದ ಮುದಿ ಪದ್ಧತಿ ನೆರವಿಗೆ ಬರುತ್ತದೆ. ಇದೂ ಸೋತರೆ ಪೆಟ್ಟಿಗೆ ಬಿಚ್ಚಿ, ಬೋರ್ಡಿನ ಮೇಲಿನ ಸೀರಿಯಲ್ ಪಿನ್‌ಗಳಿಗೆ 3.3 ವೋಲ್ಟ್‌ನ ಯುಎಸ್‌ಬಿ ಸೀರಿಯಲ್ ಬೋರ್ಡ್ ಸಿಕ್ಕಿಸಿ, ಬೂಟ್‌ಲೋಡರ್ ಏನು ಗೊಣಗುತ್ತಿದೆ ಎಂದು ನೇರವಾಗಿ ಓದಬಹುದು. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಅಂಥದ್ದು ಅಗ್ಗಕ್ಕೆ ಸಿಗುತ್ತದೆ. 5 ವೋಲ್ಟ್‌ನದು ಹಾಕಿದರೆ ಚಿಪ್ ಸುಡಬಹುದು, ಅಷ್ಟು ಎಚ್ಚರ ಸಾಕು.

ಇಷ್ಟೆಲ್ಲ ರಗಳೆ ಇದ್ದರೆ ಅಪ್‌ಗ್ರೇಡೇ ಬೇಡ ಎನ್ನುವವರ ಮಾತು ನನಗೆ ಒಪ್ಪಿಗೆಯಿಲ್ಲ. ಮುಟ್ಟದೆ ಬಿಟ್ಟ ಪೆಟ್ಟಿಗೆಗೂ ಅಪಾಯ ತಪ್ಪಿದ್ದಲ್ಲ. 2017ರ ಜುಲೈನಲ್ಲಿ ಕರ್ನಾಟಕದ ಗ್ರಾಹಕರೂ ಸೇರಿದಂತೆ ಬಿಎಸ್ಎನ್ಎಲ್‌ನ ಸಾವಿರಾರು ಬ್ರಾಡ್‌ಬ್ಯಾಂಡ್ ಮೋಡೆಮ್‌ಗಳನ್ನು ಕುತಂತ್ರಾಂಶವೊಂದು ಕೆಡಿಸಿತು. ಕಂಪನಿಯಿಂದ ಬಂದಾಗಿನ ‘ಅಡ್ಮಿನ್’ ಪಾಸ್‌ವರ್ಡ್ ಹಾಗೇ ಉಳಿದಿದ್ದ ಮೋಡೆಮ್‌ಗಳವು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಬೆಲ್ಜಿಯಂನ ಮಾತಿ ವಾನ್‌ಹೂಫ್ ಎಂಬ ಸಂಶೋಧಕ ಡಬ್ಲ್ಯುಪಿಎ2ರಲ್ಲೇ ಬಿರುಕು ತೋರಿಸಿದಾಗ ಅದನ್ನು ಮುಚ್ಚಲು ಇದ್ದ ದಾರಿ ಅಪ್‌ಡೇಟ್ ಒಂದೇ. 2023ರ ಅಕ್ಟೋಬರ್ 25ರಿಂದ 72 ಗಂಟೆಗಳಲ್ಲಿ ಅಮೆರಿಕದ ಒಂದೇ ಇಂಟರ್ನೆಟ್ ಕಂಪನಿಯ 6 ಲಕ್ಷಕ್ಕೂ ಹೆಚ್ಚು ರೂಟರ್‌ಗಳು ಮತ್ತೆ ಏಳದಂತೆ ಮಲಗಿದವು. ಒಳನುಗ್ಗಿದವರು ಕಳಿಸಿದ ದುಷ್ಟ ಫರ್ಮ್‌ವೇರ್ ಅದಕ್ಕೆ ಕಾರಣ ಎಂಬುದು ತನಿಖೆ ಮಾಡಿದ ಬ್ಲ್ಯಾಕ್ ಲೋಟಸ್ ಲ್ಯಾಬ್ಸ್‌ನ ತೀರ್ಮಾನ. ಆ ಪೆಟ್ಟಿಗೆಗಳನ್ನು ಬದಲಿಸದೆ ಬೇರೆ ದಾರಿ ಇರಲಿಲ್ಲ. ನೀವು ಬರೆಯದಿದ್ದರೆ ಫರ್ಮ್‌ವೇರ್‌ನ ಕೋಣೆಯಲ್ಲಿ ಬೇರೆ ಯಾರಾದರೂ ಬರೆಯುತ್ತಾರೆ.

ಬ್ರಿಟನ್‌ನಲ್ಲಿ 2024ರ ಏಪ್ರಿಲ್ 29ರಿಂದ ಜಾರಿಗೆ ಬಂದ ಕಾನೂನಿನ ಪ್ರಕಾರ, ಇಂಟರ್ನೆಟ್‌ಗೆ ಕೂಡುವ ಇಂಥ ಸಾಧನ ಮಾರುವವರು ಎಲ್ಲಿಯವರೆಗೆ ಭದ್ರತಾ ಅಪ್‌ಡೇಟ್ ಕೊಡುತ್ತೇವೆ ಎಂದು ಮೊದಲೇ ಹೇಳಬೇಕು. ನಮ್ಮ ಅಂಗಡಿಯಲ್ಲಿ ಕೊಳ್ಳುವಾಗಲೂ ಈ ಪ್ರಶ್ನೆ ಕೇಳಿ. ಈಗಾಗಲೇ ಮನೆಯಲ್ಲಿರುವ ರೂಟರ್‌ನ ಮಾದರಿ ಹೆಸರನ್ನು ಕಂಪನಿಯ ತಾಣದಲ್ಲಿ ಹುಡುಕಿ ಕೊನೆಯ ಫರ್ಮ್‌ವೇರ್‌ನ ತಾರೀಖು ನೋಡಿ. ನಾಲ್ಕೈದು ವರ್ಷಗಳಿಂದ ಏನೂ ಬಂದಿಲ್ಲವೆಂದರೆ ಹೊಸದಕ್ಕೆ ದುಡ್ಡು ಎತ್ತಿಡುವುದು ಲೇಸು. ಬರುತ್ತಿದೆಯೆಂದರೆ ಗುಂಡಿ ಒತ್ತುವ ಮೊದಲು ಪಿಪಿಪಿಒಇ ಪುಟ, ಲ್ಯಾನ್ ಪುಟ, ವೈಫೈ ಪುಟ ಈ ಮೂರರ ಫೋಟೊ ಮೊಬೈಲಿನಲ್ಲಿ ತೆಗೆದಿಟ್ಟುಕೊಳ್ಳಿ. ಪಿಪಿಪಿಒಇ ಪಾಸ್‌ವರ್ಡ್ ಚುಕ್ಕೆಗಳಾಗಿ ಕಂಡರೆ ಫೈಬರ್‌ನವರಿಗೆ ಫೋನ್ ಮಾಡಿ ಇವತ್ತೇ ಕೇಳಿ ಬರೆದುಕೊಳ್ಳಿ.